ಚಿಲಕ ಇರೋ ರೂಮು: ಮಾಥೇರಾನ್‌ಗೆ ಹನಿಮೂನ್ ಜೋಡಿಗಳು ಯಾಕೆ ಬರ್ತಿಲ್ಲ, ಇನ್ಮುಂದೆ ಯಾರು ಬರಬೇಕು

ಡೊಂಬಿವಲಿಯಲ್ಲಿ ನಮ್ಮ ಚಿಕ್ಕಮ್ಮನ ಮನೇಲಿ ಟಿವಿ ಪಕ್ಕದ ಶೋಕೇಸಲ್ಲಿ ಒಂದು ಕಲರ್ ಫೋಟೋ ಇದೆ, ಬಣ್ಣ ಎಲ್ಲಾ ಕೆಂಪಿಗೆ ತಿರುಗಿಬಿಟ್ಟಿದೆ, ಚಿಕ್ಕಪ್ಪ ಕುದುರೆ ಮೇಲೆ ಕೂತಿದ್ದಾರೆ, ಚಿಕ್ಕಮ್ಮ ಪಕ್ಕದಲ್ಲಿ ಸೆರಗು ಬಿಗಿಯಾಗಿ ಸುತ್ಕೊಂಡು ನಿಂತಿದ್ದಾರೆ. 1981ರ ಮೇ ತಿಂಗಳು, ಮುಂಬೈ ಹತ್ರದ ಬೆಟ್ಟದ ಊರು ಮಾಥೇರಾನ್. ಮದುವೆ ಕುಂದಾಪುರದ ಹತ್ರ ಊರಲ್ಲಿ ಆಗಿತ್ತು, ಆಗ ಕೊಂಕಣ ರೈಲು ಎಲ್ಲಿತ್ತು, ಬಸ್ಸಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಮುಂಬೈಗೆ ಬಂದು ಎಂಟು ದಿನ ಆದ್ಮೇಲೆ ಹೋಗಿದ್ದಂತೆ. ಹೋದ ವರ್ಷ ಒಂದಿನ ನಾನು ಸುಮ್ನೆ ಕೇಳ್ದೆ, ಚಿಕ್ಕಮ್ಮ ಅಲ್ಲಿ ನಿಮಗೆ ಏನು ಇಷ್ಟ ಆಯ್ತು, ರೈಲಾ, ಪಾಯಿಂಟಾ, ಕುದುರೆನಾ ಅಂತ. ಅವರು ಅಕ್ಕಿ ಆರಿಸ್ತಾ ತಲೆ ಎತ್ತದೇ ಹೇಳಿದ್ರು: "ರೂಮಿಗೆ ಒಳಗಿಂದ ಚಿಲಕ ಇತ್ತು ಮಾರಾಯ."

ಈ ಒಂದು ಮಾತು ನನ್ನ ತಲೇಲಿ ಕೂತುಬಿಡ್ತು. ಆಗ ಅವರಿದ್ದದ್ದು ಮುಂಬೈಯ ಪರೇಲಿನ ಚಾಳಲ್ಲಿ, ಅಂದ್ರೆ ಸಾಲು ಕೋಣೆಗಳ ವಠಾರದಲ್ಲಿ, ಒಂದೇ ಖೋಲಿ (ಕೋಣೆ), ಅದ್ರಲ್ಲೇ ಅಡಿಗೆ, ಅದ್ರಲ್ಲೇ ಸ್ನಾನದ ಮೋರಿ, ಅಜ್ಜಿ, ಇಬ್ಬರು ಮೈದುನರು, ಒಬ್ಬಳು ನಾದಿನಿ, ಜೊತೆಗೆ ಊರಿಂದ ಕೆಲಸ ಹುಡುಕ್ಕೊಂಡು ಬಂದ ಹುಡುಗರು ಯಾರಾದ್ರೂ ಒಬ್ರು ಇಬ್ರು ಗ್ಯಾಲರಿಯಲ್ಲಿ ಚಾಪೆ ಹಾಸ್ಕೊಂಡು ಮಲಗೋರು. ಹೊಸದಾಗಿ ಮದುವೆ ಆದ ಹುಡುಗಿಗೆ ಗಂಡನ ಹತ್ರ ನಾಲ್ಕು ಮಾತು ಜೋರಾಗಿ ಆಡೋಕೂ ಜಾಗ ಇರಲಿಲ್ಲ. ಮುಂಬೈಯ ಹನಿಮೂನ್ ಅಂದ್ರೆ ಏನು ಅಂತ ಅರ್ಥ ಮಾಡ್ಕೋಬೇಕಾದ್ರೆ ಮೊದಲು ಈ ಖೋಲಿಯನ್ನ ನೋಡ್ಬೇಕು. ಜನ ಹೋಗ್ತಿದ್ದದ್ದು ಬೆಟ್ಟ ನೋಡೋಕೆ ಅಂತ ಹೇಳ್ಕೊಂಡು, ಆದ್ರೆ ದುಡ್ಡು ಕೊಡ್ತಿದ್ದದ್ದು ಬಾಗಿಲಿಗೆ. ಮಾಥೇರಾನ್, ಖಂಡಾಲಾ, ಲೋಣಾವಳಾ, ಮಹಾಬಳೇಶ್ವರ, ಈ ಸಹ್ಯಾದ್ರಿ ಸಾಲಿನ ಹಿಲ್ ಸ್ಟೇಷನ್‌ಗಳು ಹನಿಮೂನ್ ಜಾಗ ಆಗಿದ್ರಲ್ಲಿ ತಂಪು ಗಾಳಿಯ ಪಾಲು ಎಷ್ಟೋ, ಮುಂಬೈಯ ಇಕ್ಕಟ್ಟಿನ ಪಾಲೂ ಅಷ್ಟೇ ಇದೆ ಅನ್ನೋದು ನನ್ನ ಅಭಿಪ್ರಾಯ.

ಈಗ ಆ ಜೋಡಿಗಳು ಬರ್ತಿಲ್ಲ. ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದ ನಮ್ಮ ಕಡೆಯ ಯಾರನ್ನ ಕೇಳಿದ್ರೂ ಹನಿಮೂನು ಅಂದ್ರೆ ಮಾಥೇರಾನು ಇಲ್ಲಾ ಮಹಾಬಳೇಶ್ವರ ಅಂತಾರೆ, ಅವರ ಮಕ್ಕಳನ್ನ ಕೇಳಿದ್ರೆ ಬಾಲಿ, ವಿಯೆಟ್ನಾಂ, ಥೈಲ್ಯಾಂಡ್. ಇದನ್ನ ನೋಡಿ ಸುಮಾರು ಜನ ಮಾಥೇರಾನ್ ಮುಗಿದೋಯ್ತು ಅಂತಾರೆ. ಆದ್ರೆ ಯಾವುದಾದ್ರೂ ಜುಲೈ ತಿಂಗಳ ಭಾನುವಾರ ಬೆಳಿಗ್ಗೆ ಕರ್ಜತ್ ಲೋಕಲ್ ರೈಲು ಹತ್ತಿ ಬೆಟ್ಟದ ಬುಡದ ನೇರಳ್‌ನಲ್ಲಿ ಇಳಿದು ನೋಡಿ, ಶೇರ್ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಕಾಲಿಡೋಕೆ ಜಾಗ ಇರಲ್ಲ. ಜನ ಅಷ್ಟು ಬರೋದಾದ್ರೆ ಮುಗಿದೋಯ್ತು ಅನ್ನೋದು ಹೇಗೆ? ಎರಡು ಮಾತೂ ಒಟ್ಟಿಗೇ ನಿಜ, ಯಾಕಂದ್ರೆ ಬರೋರ ತಲೆ ಎಣಿಸೋದು ಬೇರೆ, ಅವರು ಕಳೆಯೋ ರಾತ್ರಿ ಎಣಿಸೋದು ಬೇರೆ. ಬೆಟ್ಟಕ್ಕೆ ಬರೋರು ಹೆಚ್ಚಾದ್ರು, ಉಳ್ಕೊಳ್ಳೋರು ಕಡಿಮೆ ಆದ್ರು, ಮಾಥೇರಾನಿನ ಈಗಿನ ಅಷ್ಟೂ ಜಗಳ, ಬಂದ್, ಕೋರ್ಟು, ರಿಕ್ಷಾ ವಿವಾದ ಎಲ್ಲಾದರ ಬೇರು ಇಲ್ಲೇ ಇದೆ ಅಂತ ನನಗನ್ನಿಸ್ತದೆ.

ಗೊತ್ತಿಲ್ಲದೋರಿಗೆ ಸ್ವಲ್ಪ ಜಾಗದ ಪರಿಚಯ. ರಾಯಗಡ ಜಿಲ್ಲೆ, ಕರ್ಜತ್ ತಾಲೂಕು, ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರ, 2011ರ ಜನಗಣತಿ ಪ್ರಕಾರ ಜನಸಂಖ್ಯೆ 4,393, ಅದಕ್ಕಿಂತ ಹತ್ತು ವರ್ಷ ಮೊದಲು 5 ಸಾವಿರ ದಾಟಿತ್ತು, ಅಂದ್ರೆ ಊರಿನ ಮಕ್ಕಳೇ ಕೆಳಗೆ ಇಳಿದು ಹೋಗ್ತಿದ್ದಾರೆ. 1850ರಲ್ಲಿ ಠಾಣೆ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಈ ಬೆಟ್ಟ ಹತ್ತಿದ, ಅಲ್ಲಿಂದ ಬ್ರಿಟಿಷರು, ಪಾರ್ಸಿಗಳು, ಬೋಹ್ರಾ ಮುಸ್ಲಿಮರು ಬಂಗಲೆ ಕಟ್ಟಿದ್ರು. ನೇರಳ್‌ನಿಂದ ಮೇಲಕ್ಕೆ 21 ಕಿಲೋಮೀಟರಿನ ಪುಟ್ಟ ರೈಲನ್ನ ಸರ್ ಆದಮ್‌ಜೀ ಪೀರ್‌ಭಾಯ್ ಅವರ ಕುಟುಂಬ ತಮ್ಮ ಕೈಯಿಂದ 16 ಲಕ್ಷ ರೂಪಾಯಿ ಹಾಕಿ ಕಟ್ಟಿಸಿತು, 1907ರಲ್ಲಿ ಓಡೋಕೆ ಶುರುವಾಯ್ತು, ಹಳಿಗಳ ನಡುವೆ ಅಂತರ ಬರೀ ಎರಡು ಅಡಿ. ಮೋಟಾರು ಗಾಡಿಗಳಿಗೆ ಊರೊಳಗೆ ಪ್ರವೇಶ ಇಲ್ಲ, ಆಂಬುಲೆನ್ಸು, ಬೆಂಕಿ ಆರಿಸೋ ಗಾಡಿ, ಈಚೆಗೆ ಕೋರ್ಟ್ ಒಪ್ಪಿದ ಕೆಲವು ಇ-ರಿಕ್ಷಾ (ಬ್ಯಾಟರಿ ರಿಕ್ಷಾ) ಬಿಟ್ರೆ. ಕಾರು, ಟ್ಯಾಕ್ಸಿ ಎಲ್ಲಾ ದಸ್ತುರಿ ನಾಕಾದಲ್ಲೇ ನಿಲ್ಲಬೇಕು, ಅಲ್ಲಿಂದ ಬಜಾರಿಗೆ ಹತ್ರ ಹತ್ರ 3 ಕಿಲೋಮೀಟರ್ ಕೆಂಪು ಮಣ್ಣಿನ ದಾರಿ. ನಡೀಬೇಕು, ಇಲ್ಲಾ ಕುದುರೆ, ಇಲ್ಲಾ ಮನುಷ್ಯರು ಎಳೆಯೋ ಕೈರಿಕ್ಷಾ (ಇದನ್ನ ನಿಲ್ಲಿಸಿ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ), ಇಲ್ಲಾ ದಸ್ತುರಿ ಹತ್ರದ ಅಮನ್ ಲಾಡ್ಜ್ ಸ್ಟೇಷನ್ನಿಂದ ಶಟಲ್ ರೈಲು. 2003ರ ಫೆಬ್ರವರಿಯಲ್ಲಿ ಕೇಂದ್ರದ ಪರಿಸರ ಇಲಾಖೆ ಇದನ್ನ ಪರಿಸರ ಸೂಕ್ಷ್ಮ ವಲಯ ಅಂತ ಘೋಷಿಸಿದ ಮೇಲೆ ಈ ನಿಯಮಕ್ಕೆ ಕಾನೂನಿನ ಬಲವೂ ಬಂತು.

ಈ 3 ಕಿಲೋಮೀಟರನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಚಿಕ್ಕಮ್ಮ ಹೇಳೋ ಪ್ರಕಾರ ಅವರು ಹೋದಾಗ ನಾಲ್ಕು ರಾತ್ರಿ ಇದ್ದರು, ನಾಲ್ಕಕ್ಕಿಂತ ಕಡಿಮೆ ಇರೋದಕ್ಕೆ ಅರ್ಥವೇ ಇರಲಿಲ್ಲವಂತೆ, ಯಾಕಂದ್ರೆ ಬೆಳಿಗ್ಗೆ ಬೇಗ ವಿ.ಟಿ. (ಈಗಿನ ಸಿಎಸ್‌ಎಂಟಿ ಸ್ಟೇಷನ್) ಕಡೆಯಿಂದ ಹೊರಟು ನೇರಳ್‌ಗೆ ಬಂದು ಪುಟ್ಟ ರೈಲು ಹತ್ತಿ ಜುಮ್ಮಾಪಟ್ಟಿ, ವಾಟರ್ ಪೈಪ್ ಅಂತ ಒಂದೊಂದೇ ಸ್ಟೇಷನ್ ದಾಟಿ ಎರಡೂವರೆ ಗಂಟೆ ಮೇಲೆ ತೂಗಾಡ್ಕೊಂಡು ಹೋಗೋಷ್ಟರಲ್ಲೇ ಒಂದು ದಿನ ಖರ್ಚಾಗಿರ್ತಿತ್ತು. ಹೋಟೆಲಿನೋರು ಫುಲ್ ಬೋರ್ಡ್ ಲೆಕ್ಕದಲ್ಲೇ ಕೊಡೋರು, ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಹಾ ನಾಸ್ತಾ, ರಾತ್ರಿ ಊಟ ಎಲ್ಲಾ ಸೇರಿ ದಿನಕ್ಕೆ ಇಷ್ಟು. ಈಗಲೂ ಅಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಇದೇ ಪದ್ಧತಿ. ನಾಲ್ಕು ದಿನ ಒಂದೇ ಜಾಗದಲ್ಲಿ ಇರೋ ಜೋಡಿ ಏನು ಮಾಡುತ್ತೆ ನೋಡಿ: ಸ್ಟೇಷನ್ನಲ್ಲಿ ಹಮಾಲಿಗೆ ಪೆಟ್ಟಿಗೆ ಹೊರೆಸುತ್ತೆ, ಒಂದಿನ ಕುದುರೆ ಮಾಡ್ಕೊಂಡು ಪನೋರಮಾ ಪಾಯಿಂಟಿಗೆ ಸೂರ್ಯ ಹುಟ್ಟೋದು ನೋಡೋಕೆ ಹೋಗುತ್ತೆ, ಇನ್ನೊಂದಿನ ಶಾರ್ಲೆಟ್ ಲೇಕಿನ ದಂಡೆ ಮೇಲೆ ಕೂರುತ್ತೆ, ಎಕೋ ಪಾಯಿಂಟಲ್ಲಿ ಹೆಸರು ಕೂಗುತ್ತೆ, ಫೋಟೋದವನಿಗೆ ಮೂರು ಫೋಟೋದ ದುಡ್ಡು ಕೊಟ್ಟು ಪೋಸ್ಟಲ್ಲಿ ಕಳಿಸು ಅಂತ ಅಡ್ರೆಸ್ ಬರೆಸುತ್ತೆ, ಬಜಾರಲ್ಲಿ ಚರ್ಮದ ಚಪ್ಪಲಿ, ಜೇನು, ಮನೆಯೋರಿಗೆಲ್ಲಾ ಹಂಚೋಕೆ ಚಿಕ್ಕಿ. ಒಂದು ಜೋಡಿಯ ದುಡ್ಡು ಹತ್ತು ಕೈಗೆ ಸ್ವಲ್ಪ ಸ್ವಲ್ಪ ಹೋಗ್ತಿತ್ತು, ಯಾರೂ ಯಾರ ಮೇಲೂ ಬೀಳಬೇಕಾಗಿರಲಿಲ್ಲ, ಇವತ್ತು ಕುದುರೆ ಬೇಡ ಅಂದ್ರೆ ನಾಳೆ ಕೇಳಬಹುದು, ನಾಳೇನೂ ಅವರು ಅಲ್ಲೇ ಇರ್ತಾರಲ್ಲ. ನಿಧಾನವೇ ಆ ಊರಿನ ವ್ಯಾಪಾರ ಆಗಿತ್ತು.

ಇದು ಒಂದೇ ದಿನ ಕೆಟ್ಟಿದ್ದಲ್ಲ. ಮೊದಲು ಬದಲಾದದ್ದು ಮುಂಬೈಯ ಮನೆಗಳು. ಚಾಳು ಬಿಟ್ಟು ಜನ ಡೊಂಬಿವಲಿ, ಕಲ್ಯಾಣ್, ಮೀರಾ ರೋಡ್, ನವಿ ಮುಂಬೈ ಕಡೆ ಹೋಗಿ ವನ್ ಬಿಎಚ್‌ಕೆ, ಟೂ ಬಿಎಚ್‌ಕೆ ತಗೊಂಡ್ರು, ಹೊಸ ಜೋಡಿಗೆ ಮನೇಲೇ ಒಂದು ಬಾಗಿಲು ಸಿಕ್ತು. ಆಮೇಲೆ ದಾರಿಗಳು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡೋಕೆ ಶುರುವಾದ ಮೇಲೆ ಮುಂಬೈನಲ್ಲಿ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಗೋವಾ. 2002ರಲ್ಲಿ ಮುಂಬೈ ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದ ಮೇಲೆ ಲೋಣಾವಳಾ, ಖಂಡಾಲಾ ಅಂದ್ರೆ ಬೆಳಿಗ್ಗೆ ಹೋಗಿ ಸಂಜೆ ಬರೋ ಜಾಗ ಆಯ್ತು. 2003ರಲ್ಲಿ ನಮ್ಮ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ವಿಮಾನದ ಟಿಕೆಟ್ಟನ್ನ ಸಾಮಾನ್ಯ ನೌಕರಿಯವರ ಕೈಗೆ ತಂದುಕೊಟ್ರು, ಆ ಮೊದಲ ಸಲದ ವಿಮಾನ ಪ್ರಯಾಣವನ್ನ ಎಷ್ಟೋ ಜನ ಹನಿಮೂನಿಗೇ ಇಟ್ಕೊಂಡ್ರು. 2023ರ ನವೆಂಬರಲ್ಲಿ ಥೈಲ್ಯಾಂಡ್ ವೀಸಾನೂ ಬೇಡ ಅಂದುಬಿಡ್ತು. ಹೋದ ವರ್ಷ ಮದುವೆ ಆದ ನಮ್ಮ ಅತ್ತೆ ಮಗನಿಗೆ ಮಾಥೇರಾನ್ ಯಾಕೆ ಬೇಡ ಅಂತ ಕೇಳಿದ್ದೆ, ಅವನು ಹೇಳಿದ್ದು ನೇರ ಮಾತು, "ಅಣ್ಣ, ಅಲ್ಲಿಗೆ ನಾನು ಕಾಲೇಜ್ ಗ್ಯಾಂಗ್ ಜೊತೆ ಮೂರು ಸಲ ಹೋಗಿದ್ದೀನಿ, ಅದೇ ಜಾಗಕ್ಕೆ ಹೆಂಡ್ತಿನ ಕರ್ಕೊಂಡು ಹೋಗ್ಲಾ?" ಅವನದ್ದು ತಪ್ಪಿಲ್ಲ. ಹನಿಮೂನ್ ಅಂದ್ರೆ ಮೊದಲನೇ ಸಲ ನೋಡೋ ಜಾಗ ಆಗಿರ್ಬೇಕು, ಮುಂಬೈನಿಂದ ನೂರು ಕಿಲೋಮೀಟರ್ ಒಳಗಿರೋ ಜಾಗ ಈಗ ಯಾರಿಗೂ ಮೊದಲನೇ ಸಲ ಅಲ್ಲ.

ಗೋವಾದ್ದೂ ಇದೇ ಹಾದಿ ಅಂತ ಹೇಳೋರಿದ್ದಾರೆ. ಅಲ್ಲಿಯ ಪ್ರವಾಸೋದ್ಯಮ ಇಲಾಖೆ ಲೆಕ್ಕದಲ್ಲಿ 2019ರಲ್ಲಿ ಬಂದ ವಿದೇಶಿಯರು 9.37 ಲಕ್ಷ, 2024ರಲ್ಲಿ 4.67 ಲಕ್ಷ, ಅದೇ ಹೊತ್ತಿಗೆ ದೇಶದೊಳಗಿನ ಪ್ರವಾಸಿಗರು 71 ಲಕ್ಷದಿಂದ 99 ಲಕ್ಷಕ್ಕೆ ಏರಿದ್ರು. ಒಟ್ಟು ಲೆಕ್ಕ ಹಾಕಿದ್ರೆ ಗೋವಾ ಬೆಳೀತಿದೆ, ಆದ್ರೆ ಬರೋರು ಯಾರು ಅನ್ನೋದು ಬದಲಾದಾಗ ಊರೇ ಬದಲಾಗುತ್ತೆ. ಗೋವಾಕ್ಕೆ ಎರಡು ಏರ್‌ಪೋರ್ಟು, ನೂರು ಕಿಲೋಮೀಟರಿಗೂ ಉದ್ದದ ಕರಾವಳಿ ಇದೆ, ಹೇಗೋ ತಡ್ಕೊಳ್ಳುತ್ತೆ. ಮಾಥೇರಾನ್ ಅಂದ್ರೆ ಒಂದು ಬಜಾರು, ಒಂದು ಕೆರೆ, ಬೆಟ್ಟದ ಅಂಚಲ್ಲಿ ಮೂವತ್ತು ಚಿಲ್ಲರೆ ಪಾಯಿಂಟು, ಅಷ್ಟೇ.

ಮನೆ, ರಸ್ತೆ, ವಿಮಾನ ಇದ್ಯಾವುದೂ ಮಾಥೇರಾನಿನ ಕೈಯಲ್ಲಿ ಇರಲಿಲ್ಲ, ಸರಿ. ಆದ್ರೆ ರೈಲು ಇತ್ತು. ಇದರ ಕಥೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಸುತ್ತೆ. 2005ರ ಜುಲೈ 26ರ ಮಳೆ ಮುಂಬೈಯನ್ನ ಮುಳುಗಿಸಿದ ದಿನವೇ ಈ ಹಳಿಯನ್ನೂ ಕೊಚ್ಚಿಕೊಂಡು ಹೋಯ್ತು, ಮತ್ತೆ ಓಡೋಕೆ 2007 ಆಗಬೇಕಾಯ್ತು, ಅಂದ್ರೆ ರೈಲಿಗೆ ನೂರು ವರ್ಷ ತುಂಬೋ ಹೊತ್ತಿಗೆ. 2016ರ ಮೇ ತಿಂಗಳಲ್ಲಿ, ಅದೂ ಸೀಸನ್ ನಡುವಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ಹಳಿ ತಪ್ತು, ರೈಲು ನಿಲ್ಲಿಸಿದ್ರು. 2017ರ ಕೊನೆಗೆ ಅಮನ್ ಲಾಡ್ಜಿಂದ ಮೇಲಕ್ಕೆ ಶಟಲ್ ಮಾತ್ರ, 2018ರ ಜನವರಿಯಲ್ಲಿ ನೇರಳ್‌ನಿಂದ ಪೂರ್ತಿ. 2019ರ ಮಳೆಗಾಲದಲ್ಲಿ ಮತ್ತೆ ಹತ್ತಾರು ಕಡೆ ಹಳಿ ಕೆಳಗಿನ ಮಣ್ಣು ಜಾರಿ ಬಂದ್. ಪೂರ್ತಿ ರೈಲು ಮತ್ತೆ ನೇರಳ್‌ನಿಂದ ಹೊರಟದ್ದು 2022ರ ಅಕ್ಟೋಬರ್ 22ಕ್ಕೆ. ಕೂಡಿಸಿ ನೋಡಿ, 2016ರ ಮೇನಿಂದ 2022ರ ಅಕ್ಟೋಬರ್‌ವರೆಗೆ ಆರೂವರೆ ವರ್ಷ, ಅದ್ರಲ್ಲಿ ನೇರಳ್‌ನಿಂದ ಮಾಥೇರಾನ್‌ವರೆಗೆ ರೈಲು ಇದ್ದದ್ದು ಹೆಚ್ಚಂದ್ರೆ ಒಂದೂವರೆ ವರ್ಷ, ಅದರ ನಡುವೆ ಮಳೆಗಾಲದ ರಜೆ ಬೇರೆ, ಯಾಕಂದ್ರೆ ಪ್ರತಿ ವರ್ಷ ಜೂನಿಂದ ಅಕ್ಟೋಬರ್ ತನಕ ಕೆಳಗಿಂದ ರೈಲು ಬಿಡೋದೇ ಇಲ್ಲ. ಘಾಟಿ ಮಳೆಯಲ್ಲಿ ಹಳಿ ಕಾಪಾಡೋದು ಕಷ್ಟ, ಅದು ನನಗೂ ಗೊತ್ತು, ರೈಲ್ವೆ ಕೆಲಸದೋರು ಗುಡ್ಡ ಕುಸಿಯೋ ಜಾಗದಲ್ಲಿ ಜೀವ ಒತ್ತೆ ಇಟ್ಟು ತಂತಿ ಬಲೆಗೆ ಕಲ್ಲು ತುಂಬಿದ ಗೇಬಿಯನ್ ಗೋಡೆ ಕಟ್ಟಿದ್ದಾರೆ. ಆದ್ರೆ ಆರೂವರೆ ವರ್ಷ ಅಂದ್ರೆ ಒಂದು ಇಡೀ ತಲೆಮಾರಿನ ಜೋಡಿಗಳು ಮದುವೆ ಆಗಿ, ಬೇರೆ ಕಡೆ ಹೋಗಿ, ಬೇರೆ ಕಡೆಯ ಫೋಟೋ ತಮ್ಮ ಶೋಕೇಸಲ್ಲಿ ಇಟ್ಕೊಂಡುಬಿಟ್ರು.

ರೈಲು ಇಲ್ಲದೇ ಇದ್ದಾಗ ಆಗಿದ್ದು ಇನ್ನೊಂದು. ಮೊದಲು ಜನ ರೈಲಲ್ಲಿ ನೇರವಾಗಿ ಬಜಾರಿನ ನಡುವೆ ಇಳೀತಿದ್ರು, ಊರು ಅವರನ್ನ ಸ್ಟೇಷನ್ನಲ್ಲಿ ಎದುರುಗೊಳ್ತಿತ್ತು. ಈಗ ಹತ್ತಿರ ಹತ್ತಿರ ಎಲ್ಲರೂ ಟ್ಯಾಕ್ಸಿಲಿ ಅಥವಾ ಸ್ವಂತ ಕಾರಲ್ಲಿ ದಸ್ತುರಿಗೆ ಬಂದು ನಿಲ್ತಾರೆ, ಪ್ರವೇಶದ ಚೀಟಿ ತಗೊಳ್ತಾರೆ, ಮುಂದಿನ 3 ಕಿಲೋಮೀಟರ್ ಹೇಗೆ ಅಂತ ಗೊತ್ತಿರಲ್ಲ. ಗೊತ್ತಿಲ್ಲದೋರ ಸುತ್ತ ಏಜೆಂಟರು ಸೇರ್ತಾರೆ. ದೀಪಾವಳಿ ಆದ್ಮೇಲೆ ನಾನು ಚಿಕ್ಕಮ್ಮ ಚಿಕ್ಕಪ್ಪನ್ನ ಕರ್ಕೊಂಡು ಹೋಗಿದ್ದೆ, ಕಾರಿಂದ ಇಳಿದ ಎರಡೇ ನಿಮಿಷಕ್ಕೆ ಒಬ್ಬ ಬಂದು ಶಟಲ್ ಇವತ್ತು ಬಂದ್ ಇದೆ, ರಿಕ್ಷಾ ಇಲ್ಲ, ಕುದುರೆ ಒಂದೇ ಗತಿ ಅಂದ. ನಾನು ಮರಾಠಿಯಲ್ಲಿ ಮಾತಾಡಿ ನೂರು ಹೆಜ್ಜೆ ಮುಂದೆ ಹೋಗಿ ನೋಡಿದ್ರೆ ಅಮನ್ ಲಾಡ್ಜ್ ಸ್ಟೇಷನ್ನಲ್ಲಿ ಟಿಕೆಟ್ ಕೊಡ್ತಿದ್ರು. ಇದು ನನಗೊಬ್ಬನಿಗೆ ಆದದ್ದಲ್ಲ. 2025ರ ಮಾರ್ಚಲ್ಲಿ ಊರಿನೋರೇ, ಹೋಟೆಲಿನೋರು, ಅಂಗಡಿಯೋರು ಎಲ್ಲಾ ಸೇರಿ ಇದೇ ವಿಷಯಕ್ಕೆ ಅನಿರ್ದಿಷ್ಟ ಬಂದ್ ಕರೆದಿದ್ರು, ದಸ್ತುರಿಯಲ್ಲಿ ಪ್ರವಾಸಿಗರಿಗೆ ಸುಳ್ಳು ಹೇಳಿ ಸುಲಿಗೆ ಮಾಡ್ತಿದ್ದಾರೆ, ಊರಿನ ಹೆಸರು ಕೆಡ್ತಿದೆ ಅಂತ. ಒಂದು ಪ್ರವಾಸಿ ಊರು ತನ್ನ ಬಾಗಿಲಲ್ಲೇ ಆಗೋ ಮೋಸದ ವಿರುದ್ಧ ತಾನೇ ಅಂಗಡಿ ಮುಚ್ಚಿ ಕೂತುಕೊಳ್ಳೋದು ಅಂದ್ರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತು ಅಂತ ಲೆಕ್ಕ ಹಾಕಿ.

ಆದ್ರೂ ಕುದುರೆಯವರನ್ನ ಮಾತ್ರ ಬೈಯೋದು ನನಗೆ ಸರಿ ಕಾಣಲ್ಲ. ಸುಳ್ಳು ಹೇಳೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಲೈಸೆನ್ಸ್ ಇರೋ ಕುದುರೆಗಳೇ 460 ಇವೆ, ಪ್ರತಿಯೊಂದಕ್ಕೂ ದಿನಾ ಹುಲ್ಲು, ಹುರುಳಿ, ಲಾಳ, ಔಷಧಿ, ಪ್ರವಾಸಿ ಬಂದ್ರೂ ಬರದಿದ್ರೂ ಹಾಕಲೇಬೇಕು. ನಾಲ್ಕು ದಿನ ಇರೋ ಜೋಡಿ ಇದ್ದಾಗ ಕುದುರೆಯವನು ತಾಳ್ಮೆಯಿಂದ ಇರಬಹುದಿತ್ತು. ಈಗ ಬರೋನು ಹತ್ತು ಗಂಟೆಗೆ ಬಂದು ಐದು ಗಂಟೆಗೆ ವಾಪಸ್ ಹೋಗ್ತಾನೆ, ತಿಂಡಿ ಮನೆಯಿಂದ ಕಟ್ಕೊಂಡು ಬಂದಿರ್ತಾನೆ, ಫೋಟೋ ಅವನ ಮೊಬೈಲಲ್ಲೇ ತೆಗೀತಾನೆ, ಅವನ ಜೇಬಿಂದ ಏನಾದ್ರೂ ಬರೋದಿದ್ರೆ ದಸ್ತುರಿಯಲ್ಲಿ ಇಳಿದ ಮೊದಲ ಹತ್ತು ನಿಮಿಷದಲ್ಲೇ ಬರಬೇಕು, ಆಮೇಲೆ ಇಲ್ಲ. ಹೊತ್ತು ಕಮ್ಮಿ ಆದ್ಹಾಗೆ ಕಿತ್ತಾಟ ಹೆಚ್ಚಾಯ್ತು.

ಹೋಟೆಲಿನೋರು ಏನು ಮಾಡಿದ್ರು ಅಂತಾನೂ ನೋಡ್ಬೇಕು. ಜೋಡಿಗಳು ಕಡಿಮೆ ಆದಾಗ ಅವರು ಶನಿವಾರ ಭಾನುವಾರದ ಗ್ರೂಪುಗಳ ಹಿಂದೆ ಹೋದ್ರು, ಆಫೀಸ್ ಟೀಮು, ಕಿಟ್ಟಿ ಪಾರ್ಟಿ, ಕಾಲೇಜು ಹುಡುಗ್ರು. ಎರಡು ಮಂಚದ ರೂಮಿಗೆ ಆರು ಹಾಸಿಗೆ ಬಂತು, ಅಂಗಳದಲ್ಲಿ ಸ್ವಿಮ್ಮಿಂಗ್ ಪೂಲು ಬಂತು, ರಾತ್ರಿ ಡಿಜೆ ಬಂತು. ಬದುಕಬೇಕಲ್ಲ, ಮಾಡಿದ್ರು. ಆದ್ರೆ ಹಾಗೆ ಮಾಡಿದ ಮೇಲೆ ಎಲ್ಲೋ ಅಪ್ಪಿತಪ್ಪಿ ಸದ್ದಿಲ್ಲದ ಜಾಗ ಹುಡುಕ್ಕೊಂಡು ಬಂದ ಜೋಡಿನೂ ಒಂದೇ ರಾತ್ರಿಗೆ ಓಡಿಹೋಗುತ್ತೆ. ಶನಿವಾರ ಜಾಗ ಸಿಗಲ್ಲ, ಮಂಗಳವಾರ ಕಾರಿಡಾರಲ್ಲಿ ಲೈಟ್ ಹಾಕೋಕೂ ಜನ ಇರಲ್ಲ, ಕೆಲಸದ ಹುಡುಗರನ್ನ ವಾರವಿಡೀ ಇಟ್ಕೊಳ್ಳೋದು ಎರಡು ದಿನದ ದುಡಿಮೆಯಿಂದ. ಲೋಣಾವಳಾದಲ್ಲೂ ಇದೇ ಆಗಿದೆ, ಇನ್ನೂ ಜೋರಾಗಿ ಆಗಿದೆ, ಮಳೆಗಾಲದ ಭಾನುವಾರ ಭುಶಿ ಡ್ಯಾಮ್ ಕಡೆ ಗಾಡಿ ಸಾಲು ಅಲ್ಲಾಡಲ್ಲ, 2024ರ ಜೂನ್ ಕೊನೆಗೆ ಅದೇ ಡ್ಯಾಮಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದ್ರು, ಅದ್ರಲ್ಲಿ ಮಕ್ಕಳೂ ಇದ್ರು. ಒಂದು ದಿನದ ಪ್ರವಾಸಿಗೆ ಜಾಗದ ಪರಿಚಯ ಇರಲ್ಲ, ಜಾಗಕ್ಕೂ ಅವನ ಪರಿಚಯ ಇರಲ್ಲ, ಇದರ ಬೆಲೆ ಕೆಲವು ಸಲ ಇಷ್ಟು ದೊಡ್ಡದಿರುತ್ತೆ.

ಈಗ ರಿಕ್ಷಾ ವಿಷಯಕ್ಕೆ ಬರೋಣ, ಯಾಕಂದ್ರೆ ಮಾಥೇರಾನ್ ಸುದ್ದಿಯಲ್ಲಿ ಇರೋದೇ ಅದಕ್ಕೆ. ಅಲ್ಲಿ 94 ಕೈರಿಕ್ಷಾಗಳಿಗೆ ಲೈಸೆನ್ಸ್ ಇತ್ತು. ಒಬ್ಬ ಮುಂದೆ ಎಳೀತಿದ್ದ, ಏರು ಇದ್ರೆ ಒಬ್ರೋ ಇಬ್ರೋ ಹಿಂದಿಂದ ತಳ್ತಿದ್ರು, ಮೇಲೆ ಒಬ್ರು ಕೂತಿರ್ತಿದ್ರು. ವರ್ಷಗಟ್ಟಲೆ ಅದನ್ನ ಎಳೆದೋರೇ ನಮಗೆ ಈ ಕೆಲಸ ಬೇಡ, ಬ್ಯಾಟರಿ ರಿಕ್ಷಾ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹೋದ್ರು. 2022ರಲ್ಲಿ ಕೋರ್ಟು ಪ್ರಯೋಗಕ್ಕೆ ಒಪ್ಪಿಗೆ ಕೊಡ್ತು, ಆ ಡಿಸೆಂಬರಿಗೆ ಬೆರಳೆಣಿಕೆ ಇ-ರಿಕ್ಷಾ ಓಡೋಕೆ ಶುರು ಮಾಡಿದ್ವು, ಆಮೇಲೆ 20ಕ್ಕೆ ಮಿತಿ ಹಾಕಿದ್ರು. 2025ರ ಆಗಸ್ಟ್ 6ಕ್ಕೆ ಆಗಿನ ಮುಖ್ಯ ನ್ಯಾಯಮೂರ್ತಿ ಬಿ. ಆರ್. ಗವಾಯಿ ಅವರ ಪೀಠ ಸ್ಪಷ್ಟವಾಗಿ ಹೇಳ್ತು, ಸ್ವಾತಂತ್ರ್ಯ ಬಂದು 78 ವರ್ಷ ಆದ್ಮೇಲೂ ಮನುಷ್ಯನನ್ನ ಮನುಷ್ಯ ಎಳೆಯೋದು ಅಮಾನವೀಯ, ಆರು ತಿಂಗಳಲ್ಲಿ ಪೂರ್ತಿ ನಿಲ್ಲಿಸಿ, ಎಳೆಯೋರಿಗೆ ಪುನರ್ವಸತಿ ಕೊಡಿ, ಗುಜರಾತಿನ ಕೆವಡಿಯಾದಲ್ಲಿ ಮಾಡಿದ ಹಾಗೆ ಸರ್ಕಾರವೇ ಇ-ರಿಕ್ಷಾ ತಂದು ಅವರಿಗೆ ಬಾಡಿಗೆಗೆ ಕೊಡಲಿ, ದುಡ್ಡಿಲ್ಲ ಅನ್ನೋ ನೆಪ ಹೇಳಬೇಡಿ ಅಂತ. ದಸ್ತುರಿಯಿಂದ ಬಜಾರಿನ ಶಿವಾಜಿ ಪ್ರತಿಮೆವರೆಗಿನ ದಾರಿಗೆ ನೆಲಕ್ಕೆ ಹಾಸೋ ಪೇವರ್ ಬ್ಲಾಕ್ ಹಾಕಬಹುದು, ಆದ್ರೆ ಒಳಗಿನ ದಾರಿಗಳಿಗೆ, ಟ್ರೆಕ್ಕಿಂಗ್ ದಾರಿಗಳಿಗೆ ಹಾಕಬಾರದು ಅಂತಾನೂ ಹೇಳ್ತು. ಈ ತೀರ್ಪು ನನಗೆ ಪೂರ್ತಿ ಒಪ್ಪಿಗೆ. 1981ರಲ್ಲಿ ನಮ್ಮ ಚಿಕ್ಕಮ್ಮನೂ ಒಂದು ಸಲ ಕೈರಿಕ್ಷಾದಲ್ಲಿ ಕೂತಿದ್ರಂತೆ, ಏರು ಬಂದಾಗ ಎಳೆಯೋನ ಬೆನ್ನು ನೋಡೋಕಾಗದೆ ಇಳಿದುಬಿಟ್ಟೆ ಅಂತಾರೆ, ಇವತ್ತಿಗೂ ಆ ಮಾತು ಬಂದ್ರೆ ಮುಖ ಸಣ್ಣ ಮಾಡ್ತಾರೆ.

ಆದ್ರೆ ಇ-ರಿಕ್ಷಾ ಯಾರಿಗೋಸ್ಕರ ಅನ್ನೋ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೇಳಿಸ್ತಿದೆ. ಊರಿನೋರಿಗೆ ಬೇಕೇ ಬೇಕು, ಶಾಲೆಗೆ ಹೋಗೋ ಮಕ್ಕಳಿಗೆ, ಬಸುರಿ ಹೆಂಗಸರಿಗೆ, ಗ್ಯಾಸ್ ಸಿಲಿಂಡರ್ ತರೋಕೆ. ಕೆಲವು ವ್ಯಾಪಾರಸ್ಥರ ಲೆಕ್ಕ ಬೇರೆ: ದಾರಿ ಸಲೀಸಾದ್ರೆ ಇನ್ನೂ ಹೆಚ್ಚು ಜನ ಬರ್ತಾರೆ, ಪಾರ್ಕಿಂಗ್ ದೊಡ್ಡದು ಮಾಡಿ, ರೋಪ್‌ವೇ ತನ್ನಿ. ಈ ಎರಡನೇ ಲೆಕ್ಕ ತಪ್ಪು ಅಂತ ನನ್ನ ವಾದ. ಮಾಥೇರಾನಿಗೆ ತಲೆಗಳ ಕೊರತೆ ಇಲ್ಲ. ಇನ್ನೂ ಸಾವಿರ ಜನ ಬೆಳಿಗ್ಗೆ ಬಂದು ಸಂಜೆ ಇಳಿದ್ರೆ ಉಳಿಯೋದು ನೀರಿನ ಬಾಟಲಿ, ಕುರ್‌ಕುರೆ ಪ್ಯಾಕೆಟ್ಟು, ಶಾರ್ಲೆಟ್ ಲೇಕಿನ ಮೇಲೆ ಇನ್ನಷ್ಟು ಒತ್ತಡ. ಕೊರತೆ ಇರೋದು ಸೋಮವಾರದಿಂದ ಗುರುವಾರದ ರಾತ್ರಿಗಳದ್ದು.

ಆ ರಾತ್ರಿಗಳಿಗೆ ಯಾರು ಬರ್ತಾರೆ? ಹೊಸ ಜೋಡಿಗಳು ವಾಪಸ್ ಬರಲ್ಲ, ಆ ಆಸೆ ಬಿಟ್ಟುಬಿಡಬೇಕು, ಅವರಿಗೆ ಮನೇಲೇ ಚಿಲಕ ಇದೆ, ಕೈಯಲ್ಲಿ ಪಾಸ್‌ಪೋರ್ಟ್ ಇದೆ, ಅವರನ್ನ ಗುಲಾಬಿ ಹೂವಿನ ಹಾಸಿಗೆ ಪ್ಯಾಕೇಜ್ ತೋರಿಸಿ ಕರೆಯೋದ್ರಲ್ಲಿ ಅರ್ಥ ಇಲ್ಲ. ಬರಬಹುದಾದ ಜೋಡಿಗಳು ಹಳೇ ಜೋಡಿಗಳೇ. 1975, 80, 85ರಲ್ಲಿ ಇಲ್ಲಿಗೆ ಬಂದು ಹೋದ ಬ್ಯಾಂಕಿನೋರು, ಎಲ್‌ಐಸಿಯೋರು, ರೈಲ್ವೆಯೋರು, ಮಿಲ್ಲಿನ ಕ್ಲರ್ಕುಗಳು, ಮೇಷ್ಟ್ರುಗಳು, ಈಗ ಅರವತ್ತೈದು ಎಪ್ಪತ್ತು ದಾಟಿದ್ದಾರೆ, ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದಾರೆ, ಪೆನ್ಷನ್ ಬರುತ್ತೆ, ಶನಿವಾರ ಭಾನುವಾರದ ಹಂಗಿಲ್ಲ, ಮಂಗಳವಾರ ಹೋಗಿ ಶುಕ್ರವಾರ ಬರೋಕೆ ತಯಾರಿದ್ದಾರೆ, ಡಿಜೆ ಬೇಡ, ಪೂಲ್ ಬೇಡ, ಹೊತ್ತಿಗೆ ಸರಿಯಾಗಿ ಮೆತ್ತಗಿನ ಊಟ, ಬಿಸಿನೀರು, ವರಾಂಡದಲ್ಲಿ ಒಂದು ಬೆತ್ತದ ಕುರ್ಚಿ ಸಾಕು. ಫುಲ್ ಬೋರ್ಡ್ ಪದ್ಧತಿ ಇವರಿಗೇ ಹೇಳಿ ಮಾಡಿಸಿದ್ದು. ಇವರು ಹಳೇ ಹನಿಮೂನ್ ಜೋಡಿಗಳ ಹಾಗೇ ಖರ್ಚು ಮಾಡ್ತಾರೆ, ನಿಧಾನವಾಗಿ, ಹತ್ತು ಅಂಗಡಿಗೆ ಹಂಚಿ. ಗಾಡಿ ಸದ್ದಿಲ್ಲದ, ಹೊಗೆ ಇಲ್ಲದ, ಬೆಳಿಗ್ಗೆ ಹೆದರಿಕೆ ಇಲ್ಲದೆ ರಸ್ತೆ ನಡುವೆ ವಾಕ್ ಮಾಡಬಹುದಾದ ಊರು ಮುಂಬೈ ಸುತ್ತ ಬೇರೆ ಯಾವುದಿದೆ ಹೇಳಿ. ಮುಂಬೈಯ ಮಾಟುಂಗಾದಲ್ಲಿರೋ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಲ್ಲೋ ನಮ್ಮ ಡೊಂಬಿವಲಿ ಕಡೆಯ ಕಾರ್ಯಕ್ರಮಗಳಲ್ಲೋ ಮುಂದಿನ ಎರಡು ಸಾಲಲ್ಲಿ ಕೂತಿರೋ ಹಿರಿಯರನ್ನ ಸುಮ್ನೆ ಕೇಳಿ ನೋಡಿ, ಮಾಥೇರಾನ್ ಅಂದ ತಕ್ಷಣ ಮುಖ ಅರಳುತ್ತೆ, ಮರುಕ್ಷಣ ಮೊಣಕಾಲಿನ ಮೇಲೆ ಕೈ ಹೋಗುತ್ತೆ.

ಯಾಕಂದ್ರೆ ಆ 3 ಕಿಲೋಮೀಟರು. ಅವರನ್ನ ತಡೀತಿರೋದು ಅದೊಂದೇ. ಕುದುರೆ ಹತ್ತೋಕಾಗಲ್ಲ, ಕೈರಿಕ್ಷಾ ಹತ್ತೋಕೆ ಮನಸ್ಸು ಬರಲ್ಲ, ಕಾನೂನೂ ಬೇಡ ಅಂತಿದೆ, ಶಟಲ್ ರೈಲಿನ ಸೀಟುಗಳು ಕಡಿಮೆ, ಕ್ಯೂ ಉದ್ದ. ಈ ದೃಷ್ಟಿಯಿಂದ ನೋಡಿದ್ರೆ ಇ-ರಿಕ್ಷಾ ಮಾಥೇರಾನಿಗೆ ದೊಡ್ಡ ಅವಕಾಶ, ಆದ್ರೆ ಒಂದು ಷರತ್ತಿನ ಮೇಲೆ, ಯಾರು ಮೊದಲು ಕೂರಬೇಕು ಅನ್ನೋದನ್ನ ನಗರ ಪರಿಷತ್ತು ತೀರ್ಮಾನ ಮಾಡಬೇಕು. ಊರಿನೋರು, ಶಾಲೆ ಮಕ್ಕಳು, ಹಿರಿಯರು, ಅಂಗವಿಕಲರು, ಎರಡು ರಾತ್ರಿಗಿಂತ ಹೆಚ್ಚು ಬುಕಿಂಗ್ ಇರೋರು, ಇವರಿಗೆ ಮೊದಲು. ಹೋಟೆಲ್ ಬುಕ್ ಮಾಡುವಾಗಲೇ ರಿಕ್ಷಾ ಚೀಟಿನೂ ಸಿಗಬೇಕು, ದಸ್ತುರಿಯಲ್ಲಿ ಯಾರ ಹತ್ರಾನೂ ಚೌಕಾಸಿ ಮಾಡೋ ಹಾಗೆ ಇರಬಾರದು. ಇಪ್ಪತ್ತೈದು ವರ್ಷದ ಹುಡುಗ್ರು ನಡೀಲಿ, ಆ ಕಾಡಿನ ದಾರಿ ನಡೆಯೋಕೇ ಇರೋದು. ಕುದುರೆಯವರಿಗೆ ಸ್ಟ್ಯಾಂಡು, ನಿಗದಿ ರೇಟು, ಸರದಿ ಎಲ್ಲಾ ಬೋರ್ಡ್ ಮೇಲೆ ಬರೆದು ಪಾಯಿಂಟುಗಳ ಸವಾರಿ ಅವರಿಗೇ ಬಿಡಬೇಕು, ಒಳಗಿನ ದಾರಿ ಮಣ್ಣಿನದ್ದೇ ಇರ್ಲಿ ಅಂತ ಕೋರ್ಟ್ ಹೇಳಿರೋದ್ರಿಂದ ಅಲ್ಲಿ ಕುದುರೆಗೇ ಕೆಲಸ ಇರುತ್ತೆ. ಇದಕ್ಕೆಲ್ಲ ನೂರಾರು ಕೋಟಿ ಬೇಡ, ದಸ್ತುರಿಯಲ್ಲಿ ಒಂದು ನಂಬಿಕಸ್ತ ಕೌಂಟರ್ ಬೇಕು.

ಕೋರ್ಟ್ ಕೊಟ್ಟ ಆರು ತಿಂಗಳು ಲೆಕ್ಕ ಹಾಕಿದ್ರೆ 2026ರ ಫೆಬ್ರವರಿಗೆ ಬೀಳುತ್ತೆ. ಚಿಕ್ಕಮ್ಮನ ಮೊಣಕಾಲು ಆಪರೇಷನ್ ಆದದ್ದು ಎರಡು ವರ್ಷದ ಹಿಂದೆ. ದೀಪಾವಳಿ ಆದ್ಮೇಲೆ ಹೋದಾಗ ನಾವು ಶಟಲ್‌ಗೆ ಒಂದೂವರೆ ಗಂಟೆ ಕಾದು ಮೇಲೆ ಹೋಗಿ, ಬಜಾರಲ್ಲಿ ಊಟ ಮಾಡಿ, ಸಂಜೆ ಅದೇ ದಾರಿ ಇಳಿದು ಬಂದ್ವಿ, ಶಾರ್ಲೆಟ್ ಲೇಕ್ ತನಕ ಅವರಿಗೆ ನಡೆಯೋಕೆ ಆಗಲಿಲ್ಲ. ಅವರು ಇಳಿದುಕೊಂಡಿದ್ದ ಹೋಟೆಲ್ ಇನ್ನೂ ಇದೆ, ಹಂಚಿನ ಮಾಡು, ಮುಂದೆ ಅದೇ ಹಳೇ ನೇರಳೆ ಮರ, ಚಿಕ್ಕಪ್ಪ ಗೇಟಿನ ಹೊರಗಿಂದಲೇ ಮೂರನೇ ರೂಮು ಅಂತ ಕೈ ತೋರಿಸಿದ್ರು. ಹೋದ ವಾರ ನಾನು ಆ ಹೋಟೆಲಿಗೆ ಫೋನ್ ಮಾಡ್ದೆ, ಮಾರ್ಚಲ್ಲಿ ಮಂಗಳವಾರದಿಂದ ಶುಕ್ರವಾರ, ಮೂರು ರಾತ್ರಿ, ಇಬ್ರು ಹಿರಿಯರು ಅಂತ. ಯಾವ ರೂಮ್ ಬೇಕಾದ್ರೂ ಖಾಲಿ ಇದೆ ಅಂದ್ರು. ದಸ್ತುರಿಯಿಂದ ಮೇಲಕ್ಕೆ ಇ-ರಿಕ್ಷಾ ಖಾತ್ರಿ ಸಿಗುತ್ತಾ ಅಂತ ಕೇಳ್ದೆ. ಆ ಕಡೆಯೋರು ಸ್ವಲ್ಪ ಹೊತ್ತು ಸುಮ್ನಿದ್ದು, ಅದನ್ನ ನಾವು ಹೇಳೋಕಾಗಲ್ಲ ಸಾಹೇಬ್ರೆ, ಫೆಬ್ರವರಿ ಆಗ್ಲಿ, ಆಮೇಲೆ ಇನ್ನೊಂದ್ಸಲ ಫೋನ್ ಮಾಡಿ ಅಂದ್ರು.